ಮಾಟುಂಗಕ್ಕೆ ಹೊತ್ತು ನೋಡಿ ಹೋಗಬೇಕು

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ಎಲ್ಲೆಲ್ಲಿ ಏನೇನು ತಿನ್ನಬೇಕೆಂಬ ಪಟ್ಟಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದೆ. ಹೆಸರುಗಳೆಲ್ಲ ಸರಿಯಾಗಿವೆ, ಅದರಲ್ಲೂ ನಮ್ಮ ಮಾಟುಂಗದ ದಕ್ಷಿಣ ಭಾರತದ ಹೋಟೆಲುಗಳದ್ದು. ಆದರೆ ಮದುವೆಗೋ ಆಸ್ಪತ್ರೆಗೋ ಎಂದು ಊರಿಂದ ಬಂದು, ನಡುವೆ ಅರ್ಧ ದಿನ ಬಿಡುವು ಸಿಕ್ಕಿದವರಿಗೆ ಬರೀ ಹೆಸರು ಸಾಲದು. ಯಾವ ವಾರ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ಇಳಿಯಬೇಕು ಎಂಬುದು ಬೇಕು. ಈ ಮೂರೂ ಪಟ್ಟಿಯಲ್ಲಿಲ್ಲ. ಅದರಿಂದಾಗಿ ಜನ ಸೋಮವಾರ ಹೋಗಿ ಮುಚ್ಚಿದ ಬಾಗಿಲು ನೋಡುತ್ತಾರೆ. ಇಲ್ಲವೇ ಭಾನುವಾರ ಹತ್ತು ಗಂಟೆಗೆ ಹೋಗಿ ಬಿಸಿಲಲ್ಲಿ ನಿಂತು, ಕೊನೆಗೆ ಹುಳಿ ಬಂದ ಹಿಟ್ಟಿನ ದೋಸೆ ತಿಂದು, 'ಇಷ್ಟಕ್ಕೇ ಇಷ್ಟು ಹೆಸರೇ' ಎಂದು ಹೊರಡುತ್ತಾರೆ. ಆ ಹೋಟೆಲುಗಳಿಗೆ ಇದು ಅನ್ಯಾಯ.

ಮೊದಲು ಸ್ಟೇಷನ್ ವಿಚಾರ. ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಮಾಟುಂಗದಲ್ಲಿ, ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುವ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಫಾಸ್ಟ್ ಹತ್ತಿದವರು ದಾದರಿನಲ್ಲಿ ಇಳಿದು ಬದಲಿಸಬೇಕು. ಇಳಿದ ಮೇಲೆ ಪೂರ್ವಕ್ಕೆ ಹೊರಬಿದ್ದರೆ ರಾಮ ಆಶ್ರಯ ಹೋಟೆಲೂ ರಾಮನಾಯಕರ ಊಟದ ಬೋರ್ಡಿಂಗೂ ಕೂಗಳತೆಯ ದೂರ. ಹಾರ್ಬರ್ ಲೈನಿನವರಿಗೆ ಕಿಂಗ್ಸ್ ಸರ್ಕಲ್ ಇದೆ, ಆದರೆ ಪನ್ವೇಲಿನ ಗಾಡಿ ವಡಾಲದ ನಂತರ ಬೇರೆ ದಾರಿ ಹಿಡಿಯುತ್ತದೆ. ಬಾಂದ್ರಾ, ಅಂಧೇರಿ ಅಥವಾ ಗೋರೆಗಾಂವ್ ಎಂಬ ಬೋರ್ಡು ನೋಡಿಯೇ ಹತ್ತಬೇಕು. ವೆಸ್ಟರ್ನ್ ಲೈನಿನ ಮಾಟುಂಗ ರೋಡ್ ಬೇರೆಯೇ ಸ್ಟೇಷನ್. ಅಲ್ಲಿಂದ ಹಳಿಗಳ ಮೇಲಿನ ಸೇತುವೆ ದಾಟಿ ನಡೆದು ಬರಬೇಕು, ಜೊತೆಗೆ ವಯಸ್ಸಾದವರಿದ್ದರೆ ಟ್ಯಾಕ್ಸಿಯೇ ವಾಸಿ. ಭಾನುವಾರವಾದರೆ ಹಿಂದಿನ ದಿನವೇ ಮೆಗಾ ಬ್ಲಾಕಿನ, ಅಂದರೆ ಹಳಿ ದುರಸ್ತಿಗೆಂದು ಗಾಡಿ ತಡೆಯುವುದರ, ಸುದ್ದಿ ನೋಡಿಕೊಳ್ಳಿ. ಮಾಟುಂಗ–ಮುಲುಂದ್ ನಡುವೆ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ಹಾಕುವುದು ಅಪರೂಪವೇನಲ್ಲ.

ಭಾವುದಾಜಿ ರಸ್ತೆಯ ಕೆಫೆ ಮದ್ರಾಸ್ 1940ರದು. ಸೋಮವಾರ ರಜೆ. ಮಧ್ಯಾಹ್ನದ ನಂತರವೂ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತಾರೆ, ಆದ್ದರಿಂದ ಮೂರು ಗಂಟೆಗೆ ಹೋಗಿ ಪ್ರಯೋಜನವಿಲ್ಲ. ವಾರದ ದಿನ ಎಂಟರೊಳಗೆ ಹೋದರೆ ಕಾಯುವುದು ಕಡಿಮೆ. ಭಾನುವಾರ ಎಂಟೂವರೆ ದಾಟಿದರೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಆರು ಜನ ಒಟ್ಟಿಗೇ ಕೂರುತ್ತೇವೆಂದು ಹಟ ಹಿಡಿಯಬೇಡಿ, ಎರಡೆರಡು ಜನರಂತೆ ಹೆಸರು ಕೊಟ್ಟರೆ ಬೇಗ ಜಾಗವಾಗುತ್ತದೆ. ಎದುರಿಗೆ ಅಪರಿಚಿತರು ಕೂರುವುದು ಇಲ್ಲಿನ ಪದ್ಧತಿ. ರಸಂ ಇಡ್ಲಿ, ಪುಡಿ ಇಡ್ಲಿ, ರಾಗಿ ದೋಸೆ ಇಲ್ಲಿ ಹೆಸರಾದ ತಿಂಡಿಗಳು. ಒಂದು ಮಾತು: ಎಲ್ಲವನ್ನೂ ಒಂದೇ ಸಲ ಹೇಳಬೇಡಿ. ದೋಸೆಯ ಗರಿಗರಿ ಐದು ನಿಮಿಷವೂ ಉಳಿಯುವುದಿಲ್ಲ. ಇಡ್ಲಿ ತಿಂದು ಮುಗಿಯುವ ಹೊತ್ತಿಗೆ ದೋಸೆ ಹೇಳಿದರೆ ಕಾವಲಿಯಿಂದ ನೇರ ನಿಮ್ಮ ಮೇಜಿಗೆ ಬರುತ್ತದೆ.

ಬೆಳಗಿನ ಹೊತ್ತಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಹಿಟ್ಟು. ಇಡ್ಲಿಗೆ ಒಂದು ಪಾಲು ಉದ್ದಿಗೆ ಮೂರರಿಂದ ನಾಲ್ಕು ಪಾಲು ಅಕ್ಕಿ, ದೋಸೆಗೆ ಮೂರು ಪಾಲು ಅಕ್ಕಿ, ಒಂದಿಷ್ಟು ಮೆಂತ್ಯ, ಬಣ್ಣಕ್ಕೆ ಒಂದು ಹಿಡಿ ಕಡಲೆಬೇಳೆ. ಲೆಕ್ಕ ಊರಿನದೇ, ಬದಲಾಗುವುದು ಹವೆ. ಜನವರಿಯ ರಾತ್ರಿ ಹಿಟ್ಟು ಉಬ್ಬಲು ಹತ್ತು ಹನ್ನೆರಡು ಗಂಟೆ ಬೇಕು. ಮೇ ತಿಂಗಳ ಸೆಕೆಯಲ್ಲಿ ಆರು ಗಂಟೆಗೇ ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ, ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ತಿಳಿದ ಭಟ್ಟರು ಬೇಸಗೆಯಲ್ಲಿ ತಣ್ಣೀರು ಹಾಕಿ ರುಬ್ಬುತ್ತಾರೆ. ಯಂತ್ರದ ಕಲ್ಲು ಬಿಸಿಯಾದರೆ ಉದ್ದು ಅಲ್ಲೇ ಕೆಟ್ಟು, ಇಡ್ಲಿ ಹಲಗೆಯಂತಾಗುತ್ತದೆ. ಅವರು ಒಂದೇ ಸಲ ಇಡೀ ದಿನದ ಹಿಟ್ಟು ರುಬ್ಬುವುದಿಲ್ಲ. ಸಂಜೆಯದಕ್ಕೆ ಬೇರೆ ರುಬ್ಬಿ, ಬೆಳಗಿನದು ಉಳಿದರೆ ಉತ್ತಪ್ಪಕ್ಕೆ ತಿರುಗಿಸುತ್ತಾರೆ. ಹಾಗೆ ಮಾಡದವರು ಚಳಿಗಾಲದಲ್ಲಿ ಉಬ್ಬದ ಹಿಟ್ಟಿಗೆ ಸೋಡ ಸುರಿಯುತ್ತಾರೆ. ಸೋಡ ಹೆಚ್ಚಾದ ಇಡ್ಲಿ ತುಸು ಹಳದಿಗೆ ತಿರುಗಿರುತ್ತದೆ, ಒಳಗೆ ದೊಡ್ಡ ತೂತುಗಳಿರುತ್ತವೆ, ನುಂಗಿದ ಮೇಲೆ ನಾಲಿಗೆಯಲ್ಲಿ ಸಾಬೂನಿನಂಥ ರುಚಿ ನಿಲ್ಲುತ್ತದೆ. ಹೆಸರು ಮಾಡಿದ ಹೋಟೆಲೇ ಆಗಲಿ, ಹೀಗಿದ್ದರೆ ಗಲ್ಲಾದಲ್ಲಿ ಕೂತವರಿಗೆ ಹೇಳಿಯೇ ಬನ್ನಿ. ಒಳ್ಳೆಯ ಯಜಮಾನ ಅದನ್ನು ಕೇಳಿಸಿಕೊಳ್ಳುತ್ತಾನೆ.

ಚಟ್ನಿಗೂ ಹೊತ್ತಿದೆ. ರುಬ್ಬಿದ ಕಾಯಿ ಈ ಊರಿನ ಸೆಕೆಯಲ್ಲಿ ಮೂರು ಗಂಟೆ ತಡೆಯುವುದು ಕಷ್ಟ. ಹುರಿಗಡಲೆ ಜಾಸ್ತಿ, ಕಾಯಿ ಕಡಿಮೆ ಆದ ಚಟ್ನಿ ತಟ್ಟೆಯಲ್ಲಿ ಹರಿಯದೆ ಅಂಟಿಕೊಂಡು ಕೂರುತ್ತದೆ. ಇನ್ನು ಸಾಂಬಾರು ಸಿಹಿಯೆಂದು ಊರಿನವರು ದೂರುತ್ತಾರೆ. ಈ ಊರಲ್ಲಿ ಗುಜರಾತಿ, ಮರಾಠಿ ಗಿರಾಕಿಗಳ ನಾಲಿಗೆಗೆಂದು ಬೆಲ್ಲ ಏರಿತು, ಅದನ್ನು ತಪ್ಪೆನ್ನಲಾಗದು. ಬೆಲ್ಲ ಬೇಡದವರಿಗೆ ರಸಂ ವಡೆಯೇ ಸರಿ.

ರಾಮ ಆಶ್ರಯ (1939) ನಸುಕಿನಲ್ಲೇ ತೆರೆಯುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದಿಳಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮಗೆ ತೋಚದು. ಅನಾನಸ್ ಶೀರಾ ಇಲ್ಲೇ ಬಿಸಿಬಿಸಿ ತಿನ್ನಿ. ಪಾರ್ಸೆಲ್ ಒಯ್ದರೆ ತುಪ್ಪ ಹೆಪ್ಪುಗಟ್ಟಿ ರವೆ ಗಂಟಾಗುತ್ತದೆ.

ಎಲೆ ಊಟ ಬೇಕಿದ್ದರೆ ಸ್ಟೇಷನ್ ಪಕ್ಕದ ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದು. ಇಲ್ಲೂ ಸೋಮವಾರ ರಜೆ. ಮಧ್ಯಾಹ್ನ ಹನ್ನೆರಡರೊಳಗೆ ಹೋಗಿ. ಒಂದು ಗಂಟೆಯ ಮೇಲೆ ಹೋದವರು ಮೆಟ್ಟಿಲ ಬಳಿ ಕಾಯಬೇಕಾಗುತ್ತದೆ. ತಟ್ಟೆ ಊಟ ಬೇರೆ, ಬೇಕಾದಷ್ಟು ಬಡಿಸುವ ಎಲೆ ಊಟ ಬೇರೆ, ಚೀಟಿ ಕೊಳ್ಳುವಾಗಲೇ ಸ್ಪಷ್ಟವಾಗಿ ಹೇಳಬೇಕು. ಚಪಾತಿ, ಪೂರಿಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಅನ್ನ, ಸಾರಿನ ಹೊತ್ತಿಗೆ ಸೋಲುತ್ತೀರಿ. ಅಲ್ಲಿಯ ಸೊಗಸಿರುವುದೇ ಸಾರಿನಲ್ಲಿ.

ಈ ಹೋಟೆಲುಗಳು ಮಾಟುಂಗದಲ್ಲೇ ಗುಂಪಾಗಿ ಹುಟ್ಟಿದ್ದು ಸುಮ್ಮನೆ ಅಲ್ಲ. 1896ರ ಪ್ಲೇಗಿನ ಬಳಿಕ ನಗರ ಸುಧಾರಣೆಗೆಂದು 1898ರಲ್ಲಿ ಟ್ರಸ್ಟ್ ರಚನೆಯಾಯಿತು. ಅದು ದಾದರ್–ಮಾಟುಂಗದಲ್ಲಿ ಹೊಸ ಬಡಾವಣೆ ಮಾಡಿತು. ಅಲ್ಲಿ ದಕ್ಷಿಣದ ಗುಮಾಸ್ತರು ನೆಲೆಸಿದರು, ಅವರ ಊಟಕ್ಕೆ ಬೋರ್ಡಿಂಗುಗಳು ಬಂದವು. ಅದೇ ಭಾವುದಾಜಿ ರಸ್ತೆಯಲ್ಲಿ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ ಕೂಡ ಇದೆ, 1926ರಲ್ಲಿ ಶುರುವಾದದ್ದು. ತಿಂಡಿ ಮುಗಿಸಿ ಅದರ ಮುಂದೆ ಹಾದು ಬನ್ನಿ. ಹೊರಡುವ ಮುಂಚೆ ಮಾಟುಂಗದ ಅಂಗಡಿಯಲ್ಲಿ ಕಾಫಿಪುಡಿ ಕೊಳ್ಳುವವರು ಚಿಕೋರಿ ಎಷ್ಟೆಂದು ತಾವೇ ಹೇಳಿ ಬೆರೆಸಿಕೊಳ್ಳಬೇಕು. ಹೇಳದಿದ್ದರೆ ಅಂಗಡಿಯವರ ರೂಢಿಯ ಪ್ರಮಾಣ ಬೀಳುತ್ತದೆ.

ಮೀನಿನ ಬಗ್ಗೆ ಎರಡೇ ಮಾತು. ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಮಹೇಶ್ ಲಂಚ್ ಹೋಮಿನಂಥ ಮಂಗಳೂರು ಶೈಲಿಯ ಹೋಟೆಲುಗಳಿಗೆ ಜೂನ್, ಜುಲೈಯಲ್ಲಿ ಹೋಗುವವರು ನೆನಪಿಡಬೇಕು, ಪಶ್ಚಿಮ ಕರಾವಳಿಯಲ್ಲಿ ಆಗ ಯಾಂತ್ರಿಕ ದೋಣಿಗಳಿಗೆ ನಿಷೇಧ. ಸಿಗುವ ಅಂಜಲ್, ಮಾಂಜಿ ಮೀನು ಹೆಚ್ಚಾಗಿ ಐಸಿನಲ್ಲಿಟ್ಟದ್ದು. ಯಾವುದು ತಾಜಾ ಎಂದು ಸಪ್ಲೈಯರನ್ನೇ ಕೇಳಿ ಆಮೇಲೆ ಹೇಳಿ. ವಾರದ ದಿನಗಳಲ್ಲಿ ಒಂದರಿಂದ ಎರಡೂವರೆ ಆಫೀಸಿನವರ ಹೊತ್ತು, ಅದನ್ನು ಬಿಟ್ಟು ಹೋಗಿ.

ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಸಾಲು ಸೇರಿಸಿ: ರಜೆಯ ವಾರ, ಮಧ್ಯಾಹ್ನ ಮುಚ್ಚುವ ವೇಳೆ, ಹತ್ತಿರದ ಸ್ಟೇಷನ್, ಆ ಅಡುಗೆಮನೆಯಲ್ಲಿ ಯಾವ ಹೊತ್ತಿಗೆ ಯಾವ ತಿಂಡಿ ಚೆನ್ನಾಗಿರುತ್ತದೆ. ಹೋಟೆಲಿನವರನ್ನು ಫೋನಿನಲ್ಲಿ ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಚಿತ್ರ ಸ್ವಲ್ಪ ಚಿಕ್ಕದಾದರೂ ಅಡ್ಡಿಯಿಲ್ಲ.

ಇತಿ,
ಮಾಟುಂಗ ಪೂರ್ವದ ಕೆಲವು ಓದುಗರು
ಮುಂಬಯಿ