ಕಪ್ಪತಗುಡ್ಡದ ಚಾರಣಕ್ಕೆ ಸ್ಥಳೀಯ ಮಾರ್ಗದರ್ಶಿಗಳಿರಲಿ

ಮಾನ್ಯರೇ,

ಕಳೆದ ಭಾನುವಾರ ಅನುಮತಿ ಪಡೆದ ಹನ್ನೆರಡು ಜನರ ತಂಡದೊಂದಿಗೆ, ಗುಡ್ಡದ ಸೆರಗಿನ ಊರಿನ ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಕಪ್ಪತಗುಡ್ಡವನ್ನು ಹತ್ತಿದೆ. ಗದುಗಿನಲ್ಲಿಯೇ ಹುಟ್ಟಿ ಬೆಳೆದ ನಾನು ಇಷ್ಟು ವರ್ಷ ಬರೀ ಕಸವೆಂದು ತುಳಿದು ಸಾಗಿದ್ದ ಗಿಡಗಳಲ್ಲಿ ಎಷ್ಟೋ ಔಷಧ ಸಸ್ಯಗಳಿವೆ ಎಂಬುದು, ಅವರು ಒಂದೊಂದರ ಮುಂದೆಯೂ ನಮ್ಮನ್ನು ನಿಲ್ಲಿಸಿ ಹೆಸರು, ಉಪಯೋಗಗಳನ್ನು ಹೇಳಿದಾಗಲೇ ತಿಳಿಯಿತು. ಹಿಂದೊಮ್ಮೆ ಗೆಳೆಯರಷ್ಟೇ ಹೋಗಿ, ದಾರಿ ತಪ್ಪಿ, ನೀರಿಲ್ಲದೆ ಪರದಾಡಿದ್ದೆವು.

2019ರಲ್ಲಿ ವನ್ಯಜೀವಿಧಾಮವಾದ, ಬೇಸಿಗೆಯಲ್ಲಿ ಒಂದು ಕಿಡಿಗೇ ಹೊತ್ತಿಕೊಳ್ಳುವ ಈ ಹುಲ್ಲುಗುಡ್ಡಕ್ಕೆ ಅರಿವಿಲ್ಲದ ಗುಂಪುಗಳು ನುಗ್ಗುವುದು ಅಪಾಯಕಾರಿ. ಆದ್ದರಿಂದ ಅರಣ್ಯ ಇಲಾಖೆಯು ಡೋಣಿ, ಡಂಬಳ ಭಾಗದ ಯುವಕ–ಯುವತಿಯರಿಗೆ ತರಬೇತಿ ನೀಡಿ, ಮಳೆಗಾಲದಿಂದ ಚಳಿಗಾಲದವರೆಗೆ ಸಣ್ಣ ತಂಡಗಳ ಚಾರಣವನ್ನು ನಿಯಮಿತವಾಗಿ ನಡೆಸಬೇಕೆಂದು ಕೋರುತ್ತೇನೆ. ಬೆಂಕಿಪೊಟ್ಟಣಗಳನ್ನು ಮಾತ್ರ ಗುಡ್ಡದ ಬುಡದಲ್ಲಿಯೇ ಇಡಿಸಿಕೊಳ್ಳಲಿ.

– ಒಬ್ಬ ಓದುಗ, ಗದಗ