ಬಸ್ತರ್ ಪ್ರವಾಸ ಇನ್ನು ಆಗಸ್ಟ್‌ನಲ್ಲಿ ಅಲ್ಲ, ಡಿಸೆಂಬರ್‌ನಲ್ಲಿ

ಆತ್ಮೀಯ ಪ್ರವಾಸಿ ಮಿತ್ರರಿಗೆ ನಮಸ್ಕಾರ.

ಪ್ರತಿ ವರ್ಷ ಆಗಸ್ಟ್‌ನಲ್ಲಿ ಹೊರಡುತ್ತಿದ್ದ ನಮ್ಮ ಸಹಕಾರ ಸಂಘದ ಬಸ್ತರ್ (ಛತ್ತೀಸಗಢ) ಪ್ರವಾಸ ಇನ್ನು ಮುಂದೆ ಡಿಸೆಂಬರ್‌ನಲ್ಲಿ ಹೊರಡುತ್ತದೆ. ಒಂದು ದಿನ ಜಾಸ್ತಿ ಸೇರಿಸಿದ್ದೇವೆ. ದೊಡ್ಡ ಬಸ್ಸಿನ ಬದಲು ಎರಡು ಸಣ್ಣ ಗಾಡಿಗಳಲ್ಲಿ ಹೋಗುತ್ತೇವೆ. ಆಗಸ್ಟ್‌ಗೆ ಮುಂಗಡ ಕಟ್ಟಿದವರ ಹಣ ಡಿಸೆಂಬರ್‌ಗೆ ಹಾಗೇ ಜಮಾ ಆಗುತ್ತದೆ. ಆಗ ಬರಲು ಆಗದವರು ಒಂದು ಮಾತು ತಿಳಿಸಿದರೆ ಸಾಕು, ಪೂರ್ತಿ ಹಣ ವಾಪಸ್ ಕೊಡುತ್ತೇವೆ.

“ಜಲಪಾತ ನೋಡಬೇಕಾದ್ದು ಮಳೆಗಾಲದಲ್ಲೇ ಅಲ್ವಾ?” ಎಂದು ಹಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಬಸ್ತರ್‌ನ ಜಿಲ್ಲಾ ಕೇಂದ್ರ ಜಗದಲ್‌ಪುರದಿಂದ ಸುಮಾರು 38 ಕಿ.ಮೀ. ದೂರದ ಚಿತ್ರಕೋಟ್‌ನಲ್ಲಿ ಇಂದ್ರಾವತಿ ನದಿ ಮಳೆಗಾಲದಲ್ಲಿ ಹೆಚ್ಚುಕಡಿಮೆ 300 ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಕುದುರೆ ಲಾಳದಂಥ ಬಂಡೆಯ ಅಂಚಿನಿಂದ ಅಷ್ಟೂ ಕೆಂಪು ನೀರು 29 ಮೀಟರ್ ಕೆಳಗೆ ಒಟ್ಟಿಗೇ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅಷ್ಟು ಅಗಲದ ನೀರು ನಿಮಗೆ ಸಿಗುವುದಿಲ್ಲ. ಇದನ್ನು ಮುಂಚೆಯೇ ಹೇಳಿಬಿಡುತ್ತೇವೆ. ಆಗ ನೀರು ತಗ್ಗಿ, ಕವಲು ಕವಲಾಗಿ ಇಳಿಯುತ್ತಿರುತ್ತದೆ. ಆದರೆ ನದಿ ಉಕ್ಕಿದಾಗ ನಿಲ್ಲುವ ದೋಣಿ ಚಳಿಗಾಲದಲ್ಲಿ ನಡೆಯುತ್ತದೆ. ದಡದ ಮೇಲಿನಿಂದ ನೋಡಿ ಬರುವುದು ಬೇರೆ, ಕೆಳಗಿನ ಮಡುವಿನಲ್ಲಿ ದೋಣಿ ಹತ್ತಿ ಹತ್ತಿರ ಹೋಗಿ, ಹನಿ ಮುಖಕ್ಕೆ ಹೊಡೆಯುವಾಗ ತಲೆ ಎತ್ತಿ ನೋಡುವುದು ಬೇರೆ. ಬಂಡೆಯ ಒಂದೊಂದು ಪದರವೂ ಕಾಣುತ್ತದೆ. ತೀರಥ್‌ಗಢ ಜಲಪಾತದಲ್ಲೂ ಅಷ್ಟೇ. ಸುಮಾರು 90 ಮೀಟರ್ ಎತ್ತರದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರನ್ನು ಬುಡದ ತನಕ ಹೋಗಿ ನೋಡಬೇಕೆಂದರೆ ಕಲ್ಲು ಜಾರದ ಕಾಲವೇ ವಾಸಿ.

ಆದರೂ ಜಲಪಾತಕ್ಕಾಗಿ ಮಾತ್ರ ತಿಂಗಳು ಬದಲಿಸಿಲ್ಲ. ಮುಖ್ಯ ಕಾರಣ ಕುಟುಂಸರ್ ಗುಹೆ.

ಕಾಂಗೇರ್ ಘಾಟಿ ರಾಷ್ಟ್ರೀಯ ಉದ್ಯಾನದೊಳಗಿನ ಈ ಸುಣ್ಣಕಲ್ಲಿನ ಗುಹೆಯನ್ನು ಮಳೆಗಾಲದಲ್ಲಿ ಮುಚ್ಚುತ್ತಾರೆ. ಮೇಲಿನ ಕಾಡಿನ ನೀರು ಒಳಗೆ ನುಗ್ಗುತ್ತದೆ, ಓಡಾಡುವ ದಾರಿಯೇ ತುಂಬಿಹೋಗುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ಹೋದವರಿಗೆ ಬಸ್ತರ್‌ನ ನೆಲದ ಮೇಲಿನದು ಮಾತ್ರ ಸಿಗುತ್ತಿತ್ತು. ನಮ್ಮ ದೃಷ್ಟಿಯಲ್ಲಿ ಅದು ಅರ್ಧ ಪ್ರವಾಸ.

ಒಳಗೆ ಹೋಗುವ ಬಾಯಿ ಕಿರಿದು. ಬಗ್ಗಿ, ಮೈ ಓರೆ ಮಾಡಿ, ಕಂಬಿ ಹಿಡಿದು ಇಳಿಯಬೇಕು. ಸ್ವಲ್ಪ ಹೊತ್ತಿಗೇ ಹೊರಗಿನ ಬೆಳಕು ನಿಂತುಹೋಗುತ್ತದೆ. ಆಮೇಲೆ ಕಾಣುವುದು ಗೈಡ್ ದೀಪ ಹಿಡಿದಷ್ಟೇ. ಚಾವಣಿಯಿಂದ ಇಳಿಬಿದ್ದ ಕಲ್ಲುಗಳು, ಅವುಗಳ ಕೆಳಗೆ ನೆಲದಿಂದ ಮೇಲೆ ಬೆಳೆದ ಕಲ್ಲುಗಳು, ಕೆಲವು ಕಡೆ ಎರಡೂ ಸೇರಿ ಕಂಬವಾಗಿರುವುದು. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯೊಳಗೆ ಹನಿಯುವಾಗ ಆ ಸುಣ್ಣವನ್ನು ಮತ್ತೆ ಬಿಟ್ಟುಹೋಗುತ್ತದೆ. ಹನಿ ಹನಿಯಾಗಿ ಸಾವಿರಾರು ವರ್ಷ ಇದೇ ಕೆಲಸ. ದಯವಿಟ್ಟು ಯಾರೂ ಮುಟ್ಟಬೇಡಿ. ಕೈಯ ಎಣ್ಣೆ ಅಂಟಿದ ಜಾಗದಲ್ಲಿ ಸುಣ್ಣ ಕೂರುವುದಿಲ್ಲ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಒಳಗಿನ ನೀರಿನಲ್ಲಿ ಕತ್ತಲಿಗೆ ಹೊಂದಿಕೊಂಡ ಕುರುಡು ಮೀನುಗಳೂ ಇವೆ. ದೊಡ್ಡ ಬಸ್ಸು ಕೈಬಿಟ್ಟಿದ್ದಕ್ಕೂ ಈ ಗುಹೆಯೇ ಕಾರಣ. ಅಷ್ಟು ಇಕ್ಕಟ್ಟಿನಲ್ಲಿ ಜನ ಹೆಚ್ಚಾದರೆ ಸೆಖೆ, ಗದ್ದಲ, ಯಾರಿಗೂ ಏನೂ ಕಾಣುವುದಿಲ್ಲ.

ಹೆಚ್ಚಿನ ಒಂದು ದಿನವನ್ನು ದಂತೇವಾಡ ಮತ್ತು ಬಾರಸೂರಿಗೆ ಇಟ್ಟಿದ್ದೇವೆ. ದಂತೇಶ್ವರಿ ದೇವಸ್ಥಾನ ಇರುವುದು ಶಂಖಿನಿ, ಡಂಕಿನಿ ನದಿಗಳ ಸಂಗಮದಲ್ಲಿ. ಸತಿಯ ಹಲ್ಲು ಬಿದ್ದ ಶಕ್ತಿಪೀಠ ಎಂಬ ನಂಬಿಕೆ ಇದೆ. ಗಂಡಸರು ಪ್ಯಾಂಟ್ ಹಾಕಿಕೊಂಡು ಒಳಗೆ ಹೋಗುವ ಹಾಗಿಲ್ಲ, ಒಂದು ಪಂಚೆ ಇಟ್ಟುಕೊಳ್ಳಿ. ನಾಗವಂಶಿ ಅರಸರ ಕಾಲದ ಬಾರಸೂರಿನಲ್ಲಿ ಅಕ್ಕಪಕ್ಕ ಕೂತ ಎರಡು ದೊಡ್ಡ ಗಣೇಶ ಮತ್ತು 32 ಕಂಬದ ಬತ್ತೀಸಾ ಗುಡಿಯನ್ನು ಅವಸರವಿಲ್ಲದೆ ನೋಡಬಹುದು.

ದಸರೆಗೇ ಕರೆದುಕೊಂಡು ಹೋಗಿ ಎಂದವರೂ ಇದ್ದಾರೆ. ಬಸ್ತರ್ ದಸರಾ 75 ದಿನದ ಆಚರಣೆ. ಅಲ್ಲಿ ರಾವಣನನ್ನು ಸುಡುವುದಿಲ್ಲ, ಎಲ್ಲವೂ ದಂತೇಶ್ವರಿಗೆ. ಅದನ್ನು ಬೇರೆಯೇ ಪ್ರವಾಸವಾಗಿ ಮಾಡಬೇಕು, ಇದರಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಇನ್ನೊಂದನ್ನು ಕೈಬಿಟ್ಟಿದ್ದೇವೆ. ಹೋಟೆಲಿನ ಅಂಗಳದಲ್ಲಿ ನಮಗಾಗಿ ಏರ್ಪಡಿಸುತ್ತಿದ್ದ “ಬುಡಕಟ್ಟು ನೃತ್ಯ” ಇನ್ನಿಲ್ಲ. ಮುರಿಯಾ, ಮಾರಿಯಾ, ಧುರ್ವಾ ಜನ ತಮ್ಮ ಹಬ್ಬಕ್ಕೆ, ತಮ್ಮ ದೇವರಿಗೆ ಕುಣಿಯುವವರು. ನಮ್ಮ ಊಟದ ಹೊತ್ತಿಗೆ ಕುಣಿಸುವುದು ನಮಗೆ ಸರಿ ಕಾಣಲಿಲ್ಲ. ಅದರ ಬದಲು ಒಂದು ವಾರದ ಸಂತೆಗೆ ಹೋಗುತ್ತೇವೆ. ಹುಣಸೆ, ಒಣಗಿಸಿದ ಮಹುವಾ ಹೂವು, ಮಣ್ಣಿನ ಮಡಕೆ, ಎಲೆಯ ದೊನ್ನೆಯಲ್ಲಿ ಕೆಂಪಿರುವೆ. ಇದರ ಚಟ್ನಿಗೆ ಚಾಪ್ಡಾ ಎನ್ನುತ್ತಾರೆ. ಮಲೆನಾಡಿನಲ್ಲಿ ಚಗಳಿ ಚಟ್ನಿ ತಿಂದವರಿಗೆ ಆ ಹುಳಿ ಗುರುತು ಸಿಗುತ್ತದೆ. ಸುಮ್ನೆ ಕ್ಯಾಮೆರಾ ಚಾಚಬೇಡಿ, ಕೇಳಿ, ಒಪ್ಪಿದರೆ ತೆಗೆಯಿರಿ. ಏನಾದರೂ ಕೊಳ್ಳಿ, ಚೌಕಾಸಿ ಬೇಡ. ಮಾರಲು ಕೂತವರಲ್ಲಿ ಹೆಚ್ಚಿನವರು ಕಾಡಿನ ಹಳ್ಳಿಗಳಿಂದ ತಲೆ ಮೇಲೆ ಹೊತ್ತು ತಂದಿರುತ್ತಾರೆ.

ಸುರಕ್ಷತೆಯ ವಿಷಯ. ನಾವು ಮುಖ್ಯ ರಸ್ತೆಯ ಜಾಗಗಳಿಗೆ, ಹಗಲು ಹೊತ್ತಿನಲ್ಲಿ ಮಾತ್ರ ಹೋಗುತ್ತೇವೆ. ಸ್ಥಳೀಯ ಆಡಳಿತ ಬೇಡ ಎಂದ ಕಡೆ ಹೋಗುವುದಿಲ್ಲ. ಇದರಲ್ಲಿ ಚರ್ಚೆ ಇಲ್ಲ.

ಡಿಸೆಂಬರ್ ರಾತ್ರಿ ಅಲ್ಲಿ ಚೆನ್ನಾಗಿ ಚಳಿ ಇರುತ್ತದೆ, ಸ್ವೆಟರ್ ಬೇಕು. ಜಾರದ ಅಡಿಯ ಬೂಟು ತನ್ನಿ. ಮಂಡಿನೋವು, ಉಬ್ಬಸ ಇರುವವರು ಹಣ ಕಟ್ಟುವ ಮೊದಲು ಕಚೇರಿಗೆ ಫೋನ್ ಮಾಡಿ. ಗುಹೆಗೆ ಇಳಿಯಲು ಆಗದವರ ಜೊತೆ ನಮ್ಮವರೊಬ್ಬರು ಹೊರಗೆ ಇರುತ್ತಾರೆ. ಆ ಕಾಡಿನಲ್ಲಿ ಕೂತರೂ ಬೇಜಾರಾಗದು. ಮನುಷ್ಯರ ಮಾತನ್ನೇ ಅನುಕರಿಸುವ ಪಹಾಡಿ ಮೈನಾ, ಛತ್ತೀಸಗಢದ ರಾಜ್ಯಪಕ್ಷಿ, ಇರುವುದು ಅಲ್ಲೇ.

ಇಂತಿ ನಿಮ್ಮ,
ಪ್ರವಾಸ ವಿಭಾಗ