ಕಡಲ ದಡದಲ್ಲಿ ಎರಡು ಗಂಟೆ ಸದ್ದಿಲ್ಲದ ಹೊತ್ತು ಕೊಡಿ

ಮಾನ್ಯ ಸಂಪಾದಕರೇ,

ಮಳೆ ಮುಗಿಯಿತು. ಘಟ್ಟ ಇಳಿದು ಕರಾವಳಿಗೆ ಪ್ರವಾಸ ಹೋಗುವವರ ಕಾಲ ಶುರುವಾಗಿದೆ. ಬೀಚ್‌ಗಳನ್ನು ನೋಡಿಕೊಳ್ಳುವವರ ಮುಂದೆ, ಪ್ರವಾಸೋದ್ಯಮ ಇಲಾಖೆಯವರ ಮುಂದೆ ಒಂದು ಬೇಡಿಕೆ ಇಡಬೇಕು ಅಂತ ಈ ಪತ್ರ.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನನ್ನ ಮಗನಿಗೆ ಒಂಬತ್ತು ವರ್ಷ. ಅವನಿಗೆ ಆಟಿಸಂ ಇದೆ. ಮಾತು ಕಡಿಮೆ, ಕಿವಿ ಬಹಳ ಚುರುಕು. ಪಕ್ಕದ ಮನೆಯ ಮಿಕ್ಸಿ ಸದ್ದಿಗೂ ಅಂಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಾನೆ. ನೀರು ಅಂದರೆ ಮಾತ್ರ ಪ್ರಾಣ. ತುಂಗಾ ಹೊಳೆ ಕಂಡರೆ ಸ್ಕೂಟರ್‌ನಿಂದ ಇಳಿಯಲು ನೋಡುತ್ತಾನೆ.

ಎರಡು ವರ್ಷದ ಹಿಂದೆ ಅವನನ್ನು ಮೊದಲ ಸಲ ಸಮುದ್ರಕ್ಕೆ ಕರೆದುಕೊಂಡು ಹೋದೆವು. ಎಲ್ಲಿಗೆ ಅಂತ ಬರೆಯುವುದಿಲ್ಲ. ಜನವರಿಯ ಒಂದು ಭಾನುವಾರ. ಎರಡು ದಿನದಲ್ಲಿ ಐದು ಜಾಗ ನೋಡುವ ಲೆಕ್ಕ ಹಾಕಿದ್ದೆವು. ಉಳಿದುಕೊಂಡ ಕಡೆ ಅವತ್ತು ಯಾರದೋ ಹುಟ್ಟುಹಬ್ಬ, ದೊಡ್ಡ ಸ್ಪೀಕರ್. ಮಗ ಊಟದ ಹಾಲ್‌ನಲ್ಲೇ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳತೊಡಗಿದ. ಹತ್ತು ನಿಮಿಷ ಸದ್ದು ತಗ್ಗಿಸಿ ಅಂತ ಕೇಳಿದೆ. "ಬೇರೆ ಗೆಸ್ಟ್‌ಗಳಿಗೆ ತೊಂದರೆ ಆಗುತ್ತೆ ಮೇಡಂ, ನೀವೇ ರೂಮಿಗೆ ಕರ್ಕೊಂಡು ಹೋಗಿ" ಅಂದರು. ಒಬ್ಬರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದರು. ಇನ್ನೊಬ್ಬರು "ಎರಡು ಬಿಟ್ಟರೆ ಸರಿ ಹೋಗ್ತಾನೆ" ಅಂದರು. ರಾತ್ರಿ ಹನ್ನೊಂದಕ್ಕೆ ಗಾಡಿ ಹತ್ತಿ ಘಾಟಿ ಏರಿ ಮನೆಗೆ ಬಂದೆವು. ಆಮೇಲೆ ಒಂದು ವರ್ಷ ಮನೆಯಲ್ಲಿ ಯಾರೂ ಸಮುದ್ರದ ಹೆಸರು ಎತ್ತಲಿಲ್ಲ.

ಮತ್ತೆ ಹೋಗಿ ಅಂತ ಹೇಳಿದವರು ಅವನ ಥೆರಪಿಸ್ಟ್ ಮೇಡಂ. ಸಮುದ್ರದ್ದು ತಪ್ಪಿಲ್ಲ, ಮುಂದೆ ಏನು ಅಂತ ಅವನಿಗೆ ಗೊತ್ತೇ ಇರಲಿಲ್ಲ ಅಲ್ವಾ, ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು. ಕಳೆದ ಫೆಬ್ರುವರಿಯಲ್ಲಿ ಮೂರು ರಾತ್ರಿಗೆ ಒಂದೇ ಜಾಗ ಅಂತ ತೀರ್ಮಾನಿಸಿದೆವು. ಹೊನ್ನಾವರದ ಹತ್ತಿರ ಕಾಸರಕೋಡು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಶರಾವತಿ ಅಲ್ಲೇ ಕಡಲು ಸೇರುತ್ತಾಳೆ. ಸೋಮವಾರ ಹೋಗಿ ಗುರುವಾರ ವಾಪಸ್.

ತಯಾರಿಗೆ ಆರು ವಾರ ಹಿಡಿಯಿತು. ಹೋಂಸ್ಟೇ ನಡೆಸುವ ಅಕ್ಕನಿಗೆ ಫೋನ್ ಮಾಡಿ ಫೋಟೊ ಕೇಳಿದೆ. ಗೇಟು, ಕೋಣೆ, ಮಂಚ, ಬಚ್ಚಲು, ಬೀಚ್‌ಗೆ ಹೋಗುವ ದಾರಿ. ಬಚ್ಚಲಿನ ಫೋಟೊ ಯಾಕೆ ಅಂತ ಅವರಿಗೆ ಆಶ್ಚರ್ಯ. ಶವರ್‌ನ ನೀರು ಮೈಮೇಲೆ ಬಿದ್ದರೆ ನನ್ನ ಮಗ ಕಿರುಚುತ್ತಾನೆ, ಅವನಿಗೆ ಬಕೆಟ್ಟು ಮಗ್ಗು ಬೇಕು. ವಿವರಿಸಿದ ಮೇಲೆ ಅವರು ಬಕೆಟ್ ಇಟ್ಟು ಅದರದ್ದೂ ಒಂದು ಫೋಟೊ ಕಳಿಸಿದರು. ಎಲ್ಲವನ್ನೂ ಪ್ರಿಂಟ್ ಹಾಕಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿದೆ. ಮೊದಲ ಪುಟದಲ್ಲಿ ನಮ್ಮ ಮನೆ, ಆಮೇಲೆ ಕಾರು, ಘಾಟಿಯ ತಿರುವು, ಗೇಟು, ಕೋಣೆ, ಗಾಳಿಮರ, ಸಮುದ್ರ. ಕೊನೆಯ ಪುಟದಲ್ಲಿ ಮತ್ತೆ ನಮ್ಮ ಮನೆ. ದಿನಾ ರಾತ್ರಿ ಮಲಗುವ ಮುಂಚೆ ಅದನ್ನು ತಿರುವಿ ಹಾಕುತ್ತಿದ್ದೆವು. ಅವನು ಜಾಸ್ತಿ ನೋಡಿದ್ದು ಕೊನೆಯ ಪುಟ. ಎಲ್ಲಿಗೇ ಹೋದರೂ ವಾಪಸ್ ಬರುತ್ತೇವೆ ಅನ್ನುವುದು ಅವನಿಗೆ ಮೊದಲು ಗಟ್ಟಿಯಾಗಬೇಕಿತ್ತು.

ಮನೆ ಕಟ್ಟುವ ಕಡೆಯಿಂದ ಎರಡು ಬುಟ್ಟಿ ಮರಳು ತಂದು ಹಿತ್ತಲಿನ ಟಬ್‌ನಲ್ಲಿ ಹಾಕಿದೆವು. ಒಣ ಮರಳು ಬೆರಳ ಸಂದಿಗೆ ಜಾರಿದರೆ ಅವನಿಗೆ ಆಗುವುದಿಲ್ಲ, ನೀರು ಹಾಕಿ ಗಟ್ಟಿ ಮಾಡಿದರೆ ಗಂಟೆಗಟ್ಟಲೆ ತುಳಿಯುತ್ತಾನೆ ಅಂತ ಗೊತ್ತಾಗಿದ್ದು ಹಾಗೆ. ಅದಕ್ಕೇ ಬೆಳಿಗ್ಗೆ ಸಮುದ್ರದ ನೀರು ಇಳಿದು ಒದ್ದೆ ಮರಳು ಸಿಗುವ ತಾರೀಕು ನೋಡಿ ಪ್ರಯಾಣ ಇಟ್ಟುಕೊಂಡೆವು. ಒಣ ಮರಳು ದಾಟಲು ದಪ್ಪ ಕಾಟನ್ ಬಟ್ಟೆಯಲ್ಲಿ ಕಾಲುಚೀಲ ಹೊಲಿದೆ. ಅಂಗಿಗಳ ಲೇಬಲ್ ಕಿತ್ತೆ, ಒಳಗಿನ ಹೊಲಿಗೆಯನ್ನು ಮೈಗೆ ತಾಗದಂತೆ ಮಡಚಿ ಹೊಲಿದೆ. ಬಣ್ಣ ಕಿತ್ತಳೆ. ನೀಲಿ, ಬಿಳಿ, ಬೂದು ಬಟ್ಟೆ ನೀರಿನಲ್ಲಿ ಕಣ್ಣಿಗೆ ಸಿಗುವುದಿಲ್ಲ. ಈ ಪತ್ರ ಓದುವ ಅಪ್ಪ ಅಮ್ಮಂದಿರು ಇದೊಂದನ್ನು ದಯವಿಟ್ಟು ನೆನಪಿಡಿ. ಅಂಗಿಯ ಕೆಳ ಅಂಚಿನ ಒಳಗೆ ನಮ್ಮ ಫೋನ್ ನಂಬರನ್ನು ದಾರದಲ್ಲೇ ಹೊಲಿದಿದ್ದೆ. ಕಾಗದವಾದರೆ ನೆನೆದು ಹೋಗುತ್ತದೆ. ಅಕ್ಕಿಯನ್ನೂ ಕಟ್ಟಿಕೊಂಡೆವು. ಕರಾವಳಿಯ ಕುಚ್ಚಲಕ್ಕಿಯ ದಪ್ಪ ಅಗುಳು ಅವನ ಬಾಯಿಗೆ ಹೊಸದು, ಹೊಸದನ್ನು ಅವನು ಉಗಿಯುತ್ತಾನೆ. ಅವನಿಗೆ ಬೇಕಿದ್ದ ಮೊಸರನ್ನ ಅಲ್ಲೂ ಸಿಕ್ಕಿತು.

ಮೊದಲ ದಿನ ನೀರಿನ ಹತ್ತಿರ ಹೋಗಲೇ ಇಲ್ಲ. ಗಾಳಿಮರದ ಕೆಳಗೆ ಹತ್ತು ನಿಮಿಷ ಕೂತು ಕೋಣೆಗೆ ಬಂದೆವು. ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಹೋದೆವು. ನಮ್ಮ ಕರಾವಳಿಯಲ್ಲಿ ಸೂರ್ಯ ಬೆನ್ನ ಹಿಂದೆ ಹುಟ್ಟುತ್ತಾನಲ್ಲ, ಬೆಳಗಿನ ಹೊತ್ತು ಮರಗಳ ನೆರಳು ಉದ್ದಕ್ಕೂ ಮರಳಿನ ಮೇಲೆಯೇ ಬೀಳುತ್ತದೆ. ಬಿಸಿಲಿನ ಚುಚ್ಚು ಇಲ್ಲ, ಜನ ಇಲ್ಲ, ಐಸ್‌ಕ್ರೀಂ ಗಾಡಿಯ ಗಂಟೆ ಇಲ್ಲ. ಅಲೆಯ ಸದ್ದು ಅವನಿಗೆ ತೊಂದರೆ ಕೊಡಲಿಲ್ಲ. ಅದು ಒಂದೇ ಸಮ ಬರುತ್ತದೆ, ಮುಂದಿನದು ಯಾವಾಗ ಅಂತ ಅವನಿಗೂ ಗೊತ್ತಾಗುತ್ತದೆ. ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ತಾನೇ ತೆಗೆದು ನನ್ನ ಕೈಗೆ ಕೊಟ್ಟ. ಒದ್ದೆ ಮರಳಿನಲ್ಲಿ ಹಿಮ್ಮಡಿ ಒತ್ತಿ ಗುಳಿ ಮಾಡುವುದು, ಅಲೆ ಬಂದು ತುಂಬುವುದನ್ನು ನೋಡುವುದು. ನಲವತ್ತು ನಿಮಿಷ ಇದೇ ಆಟ. ಮೂರನೇ ದಿನವೂ ಇದೇ. ಮುರುಡೇಶ್ವರ ಹತ್ತಿರವೇ ಇದ್ದರೂ ಅವನನ್ನು ಕರೆದೊಯ್ಯಲಿಲ್ಲ. ಅತ್ತೆಗೆ ದೇವರ ದರ್ಶನ ಆಗಬೇಕಿತ್ತು. ಅವರನ್ನು ನಮ್ಮ ಮನೆಯವರು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದರು.

ಭಯ ಇರಲಿಲ್ಲವೇ ಅಂದರೆ, ಇತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರ 2017ರ ಅಧ್ಯಯನದ ಬಗ್ಗೆ ಮೇಡಂ ಹೇಳಿದ್ದರು. ಅಲ್ಲಿನ ಲೆಕ್ಕದಲ್ಲಿ ಆಟಿಸಂ ಇರುವ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಬೇರೆ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ಕೇಳಿದ ಮೇಲೆ ಎರಡು ದಿನ ನಿದ್ದೆ ಬಂದಿರಲಿಲ್ಲ. ಆದ್ದರಿಂದ ನಾನು, ನಮ್ಮ ಮನೆಯವರು ಇಪ್ಪತ್ತು ನಿಮಿಷದ ಪಾಳಿ ಮಾಡಿಕೊಂಡೆವು. ಪಾಳಿಯಲ್ಲಿರುವವರು ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡಬೇಕು, ಮಗನಿಂದ ಒಂದು ಕೈಯಳತೆಯಲ್ಲೇ ಇರಬೇಕು. ಬೆಳಿಗ್ಗೆ ಜೀವರಕ್ಷಕ ಹುಡುಗನ ಹತ್ತಿರ ಹೋಗಿ ಮಗನನ್ನು ತೋರಿಸಿದೆ. ಇವನನ್ನು ಕೂಗಿದರೆ ತಿರುಗಿ ನೋಡುವುದಿಲ್ಲ, ಸೀಟಿ ಊದಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಹತ್ತಿರ ಹೋಗಿ ಕೈ ಹಿಡಿಯಬೇಕು ಅಂದೆ. "ಅಡ್ಡಿಲ್ಲ ಅಕ್ಕ" ಅಂದ ಆ ಹುಡುಗ. ಅವತ್ತಿನಿಂದ ನಾವಿದ್ದಷ್ಟು ಹೊತ್ತೂ ನಮ್ಮ ಹತ್ತಿರವೇ ನಿಲ್ಲುತ್ತಿದ್ದ, ನಮ್ಮ ಕಡೆ ಸೀಟಿ ಊದಲಿಲ್ಲ. ಅವನಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ನಾನು ಹೇಳಿದ್ದು ಎರಡೇ ನಿಮಿಷ.

ಇನ್ನು ನನ್ನ ಬೇಡಿಕೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ಆದರೆ ಬೀಚ್‌ನಲ್ಲಿ ಸೌಲಭ್ಯ ಅಂದರೆ ಎಲ್ಲರಿಗೂ ನೆನಪಾಗುವುದು ಇಳಿಜಾರು ದಾರಿ. ಚೆನ್ನೈನ ಮರೀನಾದಲ್ಲಿ 2022ರಲ್ಲಿ ಗಾಲಿಕುರ್ಚಿ ನೀರಿನ ಹತ್ತಿರದವರೆಗೂ ಹೋಗುವಂಥ ಮರದ ಹಾದಿ ಮಾಡಿದರು. ತುಂಬಾ ಒಳ್ಳೆಯ ಕೆಲಸ, ನಮ್ಮಲ್ಲೂ ಬರಲಿ. ನನ್ನ ಮಗನಂಥವರಿಗೆ ಬೇಕಿರುವುದು ಬೇರೆ, ಅದಕ್ಕೆ ಖರ್ಚೂ ಕಡಿಮೆ. ವಾರದ ದಿನಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ಸ್ಪೀಕರ್ ಬೇಡ, ವಾಟರ್ ಸ್ಕೂಟರ್ ಬೇಡ, ಪಟಾಕಿ ಬೇಡ. ಆ ಹೊತ್ತು ಯಾವುದು ಅಂತ ಪ್ರವೇಶದಲ್ಲಿ ಒಂದು ಹಲಗೆ, ಇಲಾಖೆಯ ವೆಬ್‌ಸೈಟ್‌ನಲ್ಲಿ ನಾಲ್ಕು ಸಾಲು. ಶೌಚಾಲಯ ಎಲ್ಲಿದೆ, ನೆರಳು ಎಲ್ಲಿದೆ, ಯಾವ ಭಾಗದಲ್ಲಿ ಸದ್ದು ಜಾಸ್ತಿ ಅನ್ನುವ ಫೋಟೊಗಳೂ ಅಲ್ಲಿ ಇದ್ದರೆ ಅಮ್ಮಂದಿರು ಮನೆಯಲ್ಲೇ ನೋಟ್‌ಬುಕ್ ಮಾಡಿಕೊಳ್ಳುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಪಟ್ಟಿ ಕೊಡುತ್ತಾರೆ. ಹೊರಗೆ ಕಾಣದ ತೊಂದರೆ ಇರುವವರು ಕೊರಳಿಗೆ ಹಾಕಿಕೊಂಡರೆ ಸಿಬ್ಬಂದಿಗೆ ತಿಳಿಯುತ್ತದೆ. ಅದರ ಗುರುತು ಬೀಚ್‌ನ ಜೀವರಕ್ಷಕರಿಗೂ ಗೊತ್ತಾಗಲಿ.

ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಅದು ಶುಚಿತ್ವಕ್ಕೆ, ಸುರಕ್ಷತೆಗೆ ಹಾರುವ ನೀಲಿ ಬಾವುಟ. ಈ ಎರಡು ಬೀಚ್‌ಗಳಿಂದಲೇ ಶುರು ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಆ ಎರಡು ಗಂಟೆ ಹೊತ್ತು ಹಾರಿಸಲು ಇನ್ನೊಂದು ಬಾವುಟ ಬೇಕು ಅಂದರೆ ಅಳತೆ ತಿಳಿಸಿ, ಗಾಳಿಗೆ ಹರಿಯದ ಬಟ್ಟೆಯಲ್ಲಿ ನಾನೇ ಹೊಲಿದು ಕಳಿಸುತ್ತೇನೆ.

ಇಂತಿ,
ಒಬ್ಬ ತಾಯಿ, ಶಿವಮೊಗ್ಗ